ಗೇರ್ ಬದಲಿಸುವಾಗಿನ ಜರ್ಕ್ ನಿವಾರಣೆ: ಅಳತೆ ಸಹಿತ ಕಲಿಕೆಯ ದಾಖಲೆ

ಇದು ಐದು ಗೇರುಗಳ, ಮುಂದಿನ ಚಕ್ರಗಳಿಂದ ಓಡುವ, ಕೇಬಲ್ ಕ್ಲಚ್ ಇರುವ ಒಂದು ಸಣ್ಣ ಪೆಟ್ರೋಲ್ ಕಾರಿನಲ್ಲಿ ನಡೆಸಿದ ಅಭ್ಯಾಸದ ದಾಖಲೆ. ಕಾರು ಓಡಿಸಲು ಬರುತ್ತಿತ್ತು, ಎಂಜಿನ್ ಬಂದ್ ಬೀಳದೆ ಹೊರಡುತ್ತಲೂ ಇತ್ತು. ಆದರೆ 1ರಿಂದ 2ನೇ ಗೇರಿಗೆ ಹೋಗುವಾಗ ಕೂತವರ ತಲೆ ಮುಂದಕ್ಕೆ ವಾಲಿ ಹಿಂದಕ್ಕೆ ಬರುತ್ತಿತ್ತು. ವೇಗ ತಗ್ಗಿಸಿ 3ರಿಂದ 2ಕ್ಕೆ ಇಳಿಸಿದಾಗ ಕಾರು ಒಮ್ಮೆಲೇ ತಡೆದು ನಿಂತಂತಾಗುತ್ತಿತ್ತು. ‘ಕ್ಲಚ್ಚನ್ನು ನಿಧಾನವಾಗಿ ಬಿಡಬೇಕು’ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ಅದನ್ನು ಪಾಲಿಸಿದರೆ ಜರ್ಕ್ ಕಡಿಮೆಯಾಗುತ್ತದೆ ನಿಜ, ಆದರೆ ಆ ಜರ್ಕಿನ ಪೆಟ್ಟನ್ನೆಲ್ಲ ಕ್ಲಚ್ ಪ್ಲೇಟ್ (ಎಂಜಿನ್ನನ್ನು ಗೇರುಗಳಿಗೆ ಉಜ್ಜಿ ಜೋಡಿಸುವ ತಟ್ಟೆ) ತಿನ್ನುತ್ತದೆ. ಜರ್ಕ್ ಹುಟ್ಟುವುದು ಎರಡು ವೇಗಗಳ ಅಂತರದಿಂದ: ಕ್ಲಚ್ ಬಿಡುವ ಗಳಿಗೆಯಲ್ಲಿ ಎಂಜಿನ್ ಒಂದು ವೇಗದಲ್ಲಿ ತಿರುಗುತ್ತಿರುತ್ತದೆ, ಚಕ್ರಗಳು ಹೊಸ ಗೇರಿನ ಮೂಲಕ ಕ್ಲಚ್ ಪ್ಲೇಟನ್ನು ಇನ್ನೊಂದು ವೇಗದಲ್ಲಿ ತಿರುಗಿಸುತ್ತಿರುತ್ತವೆ. ಈ ಅಂತರವನ್ನು ಅಳೆದು, ಅದನ್ನು ಕಾಲಿನಿಂದ ತುಂಬಿಸಲು ಕಲಿತದ್ದೇ ಇಲ್ಲಿನ ಮುಖ್ಯ ಕೆಲಸ.

ಬಳಸಿದ ಸಾಮಾನು ಹೆಚ್ಚೇನಿಲ್ಲ: 30 ಸೆಂ.ಮೀ. ಉದ್ದದ ಸ್ಕೇಲ್, ಎರಡು ಸ್ಪ್ಯಾನರ್, ವೀಡಿಯೊ ತೆಗೆಯಬಲ್ಲ ಫೋನು, ಅರ್ಧ ನೀರು ತುಂಬಿದ ಪಾರದರ್ಶಕ ಬಾಟಲಿ, ಕಾಗದ ಮತ್ತು ಪೆನ್ನು. ಇವೆಲ್ಲಕ್ಕಿಂತ ಮುಖ್ಯವಾಗಿ, ಪಕ್ಕದ ಸೀಟಿನಲ್ಲಿ ಕೂತು ಮೀಟರು ನೋಡಿ ಬರೆದುಕೊಳ್ಳಲು ಕಾರು ಓಡಿಸಲು ಬಲ್ಲ ಒಬ್ಬರು ಬೇಕು. ಓಡಿಸುವವರ ಕಣ್ಣು ಮೀಟರಿನ ಮೇಲೆ ನೆಟ್ಟಿರಬಾರದು. ಅಳತೆಯ ಕೆಲಸವನ್ನೆಲ್ಲ ಪಕ್ಕದವರಿಗೆ ಬಿಡಬೇಕು. ಖರ್ಚಾದದ್ದು ಇಂಧನ ಮಾತ್ರ.

ಹಂತ 1: ಪೆಡಲಿನ ಅಳತೆ

ಅಭ್ಯಾಸಕ್ಕಿಂತ ಮೊದಲು ಕ್ಲಚ್ ಪೆಡಲ್ ಸರಿಯಿದೆಯೇ ಎಂದು ನೋಡಬೇಕು, ಏಕೆಂದರೆ ಪೆಡಲನ್ನು ಆಮೇಲೆ ಸರಿಪಡಿಸಿದರೆ ಕ್ಲಚ್ ಹಿಡಿಯುವ ಜಾಗ ಸರಿಯುತ್ತದೆ ಮತ್ತು ಅಲ್ಲಿಯವರೆಗೆ ಕಾಲು ಕಲಿತದ್ದು ವ್ಯರ್ಥವಾಗುತ್ತದೆ. ಎಂಜಿನ್ ಬಂದ್ ಮಾಡಿ, ಪೆಡಲಿನ ಪಕ್ಕಕ್ಕೆ ಸ್ಕೇಲ್ ಹಿಡಿದು, ಕೈಯಿಂದ ಮೆಲ್ಲಗೆ ಒತ್ತಿದೆ. ಗಟ್ಟಿಯಾದ ಪ್ರತಿರೋಧ ಸಿಗುವವರೆಗೆ ಪೆಡಲ್ ಸಡಿಲವಾಗಿ ಚಲಿಸುವ ದೂರವೇ ಫ್ರೀ ಪ್ಲೇ. ನನ್ನ ಕಾರಿನಲ್ಲಿ ಅದು 35 ಮಿ.ಮೀ. ಇತ್ತು; ಕಾರಿನ ಕೈಪಿಡಿ ಹೇಳುವುದು 15ರಿಂದ 25 ಮಿ.ಮೀ. ಫ್ರೀ ಪ್ಲೇ ಹೆಚ್ಚಾದರೆ ಪೆಡಲನ್ನು ತಳಕ್ಕೆ ಒತ್ತಿದಾಗಲೂ ಕ್ಲಚ್ ಪೂರ್ತಿ ಬಿಡುವುದಿಲ್ಲ. ನಿಂತಲ್ಲಿ ರಿವರ್ಸ್ ಹಾಕುವಾಗ ಕರಕರ ಸದ್ದು ಬರುತ್ತಿದ್ದುದಕ್ಕೂ, 1ನೇ ಗೇರ್ ಬೀಳಲು ತಕರಾರು ಮಾಡುತ್ತಿದ್ದುದಕ್ಕೂ ಇದೇ ಕಾರಣವಾಗಿತ್ತು.

ಗೇರ್‌ಬಾಕ್ಸಿನ ಮೇಲೆ ಕ್ಲಚ್ ಕೇಬಲ್ ಬಂದು ಸೇರುವ ಲಿವರಿನ ತುದಿಯಲ್ಲಿ ಉದ್ದ ಸ್ಕ್ರೂ ಮತ್ತು ಅದರ ಮೇಲೆ ಎರಡು ನಟ್ ಇವೆ. ಒಂದು ಸ್ಪ್ಯಾನರಿನಿಂದ ಲಾಕ್ ನಟ್ ಸಡಿಲಿಸಿ, ಇನ್ನೊಂದರಿಂದ ಹೊಂದಿಸುವ ನಟ್ಟನ್ನು ಅರ್ಧ ಸುತ್ತಿನಂತೆ ಬಿಗಿಗೊಳಿಸುತ್ತ, ಪ್ರತಿ ಸಲವೂ ಪೆಡಲಿನ ಬಳಿ ಬಂದು ಅಳೆಯುತ್ತ ಹೋದೆ. 20 ಮಿ.ಮೀ.ಗೆ ಬಂದಾಗ ಲಾಕ್ ನಟ್ ಬಿಗಿ ಮಾಡಿದೆ. ಇಲ್ಲಿ ಆಸೆಪಟ್ಟು ಫ್ರೀ ಪ್ಲೇಯನ್ನು ಪೂರ್ತಿ ತೆಗೆಯಬಾರದು. ತೆಗೆದರೆ ಕ್ಲಚ್ ಸದಾ ಅರೆಬರೆ ಒತ್ತಿದ ಸ್ಥಿತಿಯಲ್ಲೇ ಉಳಿದು ಜಾರಲು ತೊಡಗುತ್ತದೆ. ಹೊಂದಿಸಿದ ಮೇಲೆ ಎರಡು ಪರೀಕ್ಷೆ ಮಾಡಿದೆ. ಮೊದಲನೆಯದು, ಕಾರು ನಿಂತಿದ್ದು ಎಂಜಿನ್ ತಿರುಗುತ್ತಿರುವಾಗ ಕ್ಲಚ್ ಪೂರ್ತಿ ಒತ್ತಿ, ಮೂರು ನಾಲ್ಕು ಸೆಕೆಂಡು ಕಾದು ರಿವರ್ಸ್ ಹಾಕುವುದು, ಸದ್ದಿಲ್ಲದೆ ಬಿತ್ತು. ಎರಡನೆಯದು, ಖಾಲಿ ರಸ್ತೆಯಲ್ಲಿ 4ನೇ ಗೇರಿನಲ್ಲಿ ಗಂಟೆಗೆ 45 ಕಿ.ಮೀ. ಹೋಗುವಾಗ ಆಕ್ಸಿಲರೇಟರನ್ನು ಜೋರಾಗಿ ಒತ್ತುವುದು. ಕಾರಿನ ವೇಗ ಏರದೆ ಆರ್‌ಪಿಎಂ ಮುಳ್ಳು (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವುದು) ಮಾತ್ರ ಏರಿದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಇಲ್ಲಿ ಎರಡೂ ಜೊತೆಯಾಗಿಯೇ ಏರಿದವು. ಹೈಡ್ರಾಲಿಕ್ ಕ್ಲಚ್ ಇರುವ ಕಾರುಗಳಲ್ಲಿ ಸಾಮಾನ್ಯವಾಗಿ ಈ ಹೊಂದಾಣಿಕೆಯ ಕೆಲಸ ಇರುವುದಿಲ್ಲ. ಅಲ್ಲಿ ನೋಡಬೇಕಾದದ್ದು ದ್ರವದ ಮಟ್ಟವನ್ನು ಮತ್ತು ಕೊಳವೆಯೊಳಗೆ ಗಾಳಿ ಸೇರಿದೆಯೇ ಎಂಬುದನ್ನು.

ಸೀಟನ್ನೂ ಇದೇ ಸಮಯದಲ್ಲಿ ಹೊಂದಿಸಿದೆ. ಕ್ಲಚ್ಚನ್ನು ತಳದವರೆಗೆ ಒತ್ತಿದಾಗಲೂ ಮಂಡಿ ತುಸು ಬಾಗಿರಬೇಕು. ಕಾಲು ನೆಟ್ಟಗಾದರೆ ಪೆಡಲಿನ ಕೊನೆಯ ಭಾಗವನ್ನು ಸೊಂಟ ಜಾರಿಸಿ ಒತ್ತಬೇಕಾಗುತ್ತದೆ, ಆಗ ಬಿಡುವಾಗಿನ ನಿಯಂತ್ರಣ ಸಿಗುವುದಿಲ್ಲ. ಪೆಡಲಿನ ಕೆಳಗೆ ಸರಿದು ಬರುತ್ತಿದ್ದ ನೆಲಹಾಸನ್ನು ತೆಗೆದುಹಾಕಿದೆ. ದಪ್ಪ ಅಟ್ಟೆಯ ಬೂಟಿನ ಬದಲು ತೆಳು ಅಟ್ಟೆಯದನ್ನು ಹಾಕಿಕೊಂಡಾಗ ಪೆಡಲಿನ ನಡುಕ ಪಾದಕ್ಕೆ ಸ್ಪಷ್ಟವಾಗಿ ತಿಳಿಯಿತು, ಮತ್ತು ಮುಂದಿನ ಹಂತಕ್ಕೆ ಬೇಕಾದದ್ದು ಆ ನಡುಕವೇ.

ಹಂತ 2: ಆಕ್ಸಿಲರೇಟರ್ ಮುಟ್ಟದೆ ಹೊರಡುವುದು

ಸಮತಟ್ಟಾದ, ವಾಹನ ಮತ್ತು ಜನರಿಲ್ಲದ ವಿಶಾಲ ಜಾಗ ಇದಕ್ಕೆ ಬೇಕು. ಎಂಜಿನ್ ಬಿಸಿಯಾಗಿ ಮುಳ್ಳು 800ರ ಬಳಿ ನಿಂತ ಮೇಲೆ, ಕ್ಲಚ್ ಒತ್ತಿ 1ನೇ ಗೇರ್ ಹಾಕಿ, ಬಲಗಾಲನ್ನು ಬ್ರೇಕಿನಿಂದ ತೆಗೆದು ಅದರ ಪಕ್ಕದಲ್ಲೇ ಇಟ್ಟುಕೊಂಡು, ಎಡಗಾಲನ್ನಷ್ಟೇ ಎತ್ತುತ್ತ ಬಂದೆ. ಒಂದು ಜಾಗದಲ್ಲಿ ಎಂಜಿನ್ನಿನ ಸದ್ದು ತುಸು ಭಾರವಾಗುತ್ತದೆ, ಮುಳ್ಳು 700ರ ಕಡೆಗೆ ಇಳಿಯುತ್ತದೆ, ಪೆಡಲಿನಲ್ಲಿ ಸಣ್ಣ ನಡುಕ ಬರುತ್ತದೆ. ಅದೇ ಕ್ಲಚ್ ಹಿಡಿಯುವ ಜಾಗ. ಅಲ್ಲಿ ಕಾಲು ನಿಲ್ಲಿಸಿದರೆ ಕಾರು ತಾನಾಗಿ ತೆವಳಲು ಆರಂಭಿಸುತ್ತದೆ. ಕ್ಲಚ್ ಪೂರ್ತಿ ಬಿಟ್ಟ ಮೇಲೆ ಗಂಟೆಗೆ ಸುಮಾರು 6 ಕಿ.ಮೀ. ವೇಗದಲ್ಲಿ ನಡೆಯುತ್ತದೆ.

ಮೊದಲು ಮಾಡಿ ನೋಡಿದ್ದು ಪೆಡಲನ್ನು ತಳದಿಂದ ತುದಿಯವರೆಗೆ ಒಂದೇ ಸಮನೆ, ಬಹಳ ನಿಧಾನವಾಗಿ ಬಿಡುವುದನ್ನು. ಇದು ಫಲ ಕೊಡಲಿಲ್ಲ. ಒಂದೇ ಸಮನೆ ಎತ್ತುವ ಕಾಲು, ನಿಲ್ಲಬೇಕಾದ ಜಾಗವನ್ನೂ ಅದೇ ಸಮನೆ ದಾಟಿ ಹೋಗುತ್ತದೆ. ಸ್ಕೇಲ್ ಹಿಡಿದು ಅಳೆದಾಗ ಪೆಡಲಿನ ಒಟ್ಟು ಚಲನೆ 140 ಮಿ.ಮೀ. ಇದ್ದು, ಕ್ಲಚ್ ಹಿಡಿಯಲು ಆರಂಭಿಸಿ ಪೂರ್ತಿ ಕೂಡಿಕೊಳ್ಳುವುದು ಅದರ ನಡುವಿನ ಸುಮಾರು 30 ಮಿ.ಮೀ.ಯಲ್ಲಿ ಮಾತ್ರ ಎಂದು ತಿಳಿಯಿತು. ತಳದಿಂದ ಅಲ್ಲಿಯವರೆಗಿನ ಭಾಗದಲ್ಲಿ ಏನೂ ನಡೆಯುವುದಿಲ್ಲ, ಅದನ್ನು ಬೇಗ ದಾಟಬಹುದು. ನಡುವಿನ 30 ಮಿ.ಮೀ.ಯಲ್ಲಿ ಕಾಲು ತಡೆದು, ಕಾರು ತನ್ನ ವೇಗಕ್ಕೆ ಬರುವವರೆಗೆ ಕಾಯಬೇಕು. ಅದರಾಚೆಯ ಭಾಗದಲ್ಲಿ ಕಾಲನ್ನು ಬೇಗ ತೆಗೆದು ಪಕ್ಕಕ್ಕೆ ಇಟ್ಟುಬಿಡಬೇಕು. ಬೇಗ, ತಡೆದು, ಬೇಗ: ಈ ಮೂರು ಭಾಗಗಳ ಲಯ ಕಾಲಿಗೆ ಹತ್ತಿದ ಮೇಲೆ ಕಾರು ಹೊರಡುವಾಗಿನ ಕುಲುಕಾಟ ಬಹುಪಾಲು ಹೋಯಿತು.

ಹಿಮ್ಮಡಿಯನ್ನು ನೆಲಕ್ಕೂರಿ ಮುಂಗಾಲಿನಿಂದ ಮಾತ್ರ ಪೆಡಲ್ ಆಡಿಸುವುದು ಒಳ್ಳೆಯದೋ, ಇಡೀ ಕಾಲನ್ನು ಎತ್ತುವುದು ಒಳ್ಳೆಯದೋ ಎಂಬ ಬಗ್ಗೆ ಎರಡು ಅಭಿಪ್ರಾಯಗಳಿವೆ. ನನ್ನ ಅನುಭವದಲ್ಲಿ, ಪೂರ್ತಿ ಒತ್ತುವಾಗ ಹಿಮ್ಮಡಿ ಮೇಲಿರಬೇಕು. ಹಿಡಿಯುವ ಜಾಗಕ್ಕೆ ಬಂದಾಗ ಹಿಮ್ಮಡಿ ನೆಲಕ್ಕೆ ತಗುಲಿದ್ದರೆ ಕೆಲವೇ ಮಿಲಿಮೀಟರಿನ ಚಲನೆಯೂ ಹಿಡಿತಕ್ಕೆ ಸಿಗುತ್ತದೆ. ಪಾದದ ಉದ್ದ ಮತ್ತು ಪೆಡಲಿನ ಎತ್ತರದ ಮೇಲೆ ಇದು ಬದಲಾಗಬಹುದು.

ಈ ಅಭ್ಯಾಸವನ್ನು ಎಡೆಬಿಡದೆ ಮಾಡಬಾರದು. ಪ್ರತಿ ಸಲವೂ ಕ್ಲಚ್ ಪ್ಲೇಟ್ ಉಜ್ಜಿ ಬಿಸಿಯಾಗುತ್ತದೆ. ಸುಟ್ಟ ವಾಸನೆ ಬಂದರೆ ಆಗಲೇ ತಡವಾಗಿದೆ ಎಂದು ತಿಳಿಯಬೇಕು. ಕೆಲವು ಸಲ ಮಾಡಿ, ಕ್ಲಚ್ ಪೂರ್ತಿ ಬಿಟ್ಟು ಸ್ವಲ್ಪ ದೂರ ಓಡಿಸಿ, ಮತ್ತೆ ಶುರು ಮಾಡುವುದು ಕ್ಷೇಮ.

ಹಂತ 3: ಎರಡೂ ಕಾಲು ಸೇರಿಸಿ ಹೊರಡುವುದು

ಇದು ಬೇಗ ಮುಗಿಯಿತು. ಆಕ್ಸಿಲರೇಟರನ್ನು ತುಸು ಒತ್ತಿ ಮುಳ್ಳನ್ನು 1,200ರಿಂದ 1,500ರ ನಡುವೆ ನಿಲ್ಲಿಸಿ, ಕ್ಲಚ್ಚನ್ನು ಹಿಡಿಯುವ ಜಾಗಕ್ಕೆ ತಂದು, ಮುಳ್ಳು ಇಳಿಯಲು ಹೊರಟಾಗ ಆಕ್ಸಿಲರೇಟರನ್ನು ಅಷ್ಟೇ ಹೆಚ್ಚಿಸಬೇಕು. ಮುಳ್ಳು ಏರುತ್ತಿದ್ದರೆ ಬಲಗಾಲು ಅವಸರ ಮಾಡುತ್ತಿದೆ, ಇಳಿಯುತ್ತಿದ್ದರೆ ಎಡಗಾಲು ಅವಸರ ಮಾಡುತ್ತಿದೆ. ಪಕ್ಕದವರು ‘ಏರಿತು’, ‘ಇಳಿಯಿತು’ ಎಂದಷ್ಟೇ ಹೇಳುತ್ತ ಹೋದದ್ದರಿಂದ ನನಗೆ ಮೀಟರು ನೋಡುವ ಅಗತ್ಯ ಬೀಳಲಿಲ್ಲ, ಸ್ವಲ್ಪ ಹೊತ್ತಿನಲ್ಲಿ ಸದ್ದಿನಿಂದಲೇ ತಿಳಿಯತೊಡಗಿತು.

ಹಂತ 4: ಗೇರಿನ ಲೆಕ್ಕ ಮತ್ತು ಮುಳ್ಳು ಇಳಿಯುವ ಸಮಯ

ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಪ್ರಯೋಜನ ಕೊಟ್ಟದ್ದು ಈ ಹಂತ. ನಮ್ಮ ಕಾರಿನ ಪ್ರತಿ ಗೇರಿನಲ್ಲೂ ಎಂಜಿನ್ 2,000 ಆರ್‌ಪಿಎಂನಲ್ಲಿ ತಿರುಗುವಾಗ ಕಾರಿನ ವೇಗ ಎಷ್ಟಿರುತ್ತದೆ ಎಂದು ಮೊದಲು ಬರೆದುಕೊಂಡೆವು. ಕ್ಲಚ್ ಪೂರ್ತಿ ಬಿಟ್ಟು, ವೇಗ ಏರದೆ ಇಳಿಯದೆ ಇರುವಾಗ ಓದಿದರೆ ಮಾತ್ರ ಈ ಅಂಕಿ ಸರಿ ಬರುತ್ತದೆ. 1ನೇ ಗೇರಿನಲ್ಲಿ ಗಂಟೆಗೆ 15 ಕಿ.ಮೀ., 2ರಲ್ಲಿ 28, 3ರಲ್ಲಿ 40, 4ರಲ್ಲಿ 54, 5ರಲ್ಲಿ 68 ಬಂದವು. ಸ್ಪೀಡೋಮೀಟರು ನಿಜವಾದ ವೇಗಕ್ಕಿಂತ ತುಸು ಹೆಚ್ಚು ತೋರಿಸುವುದುಂಟು, ಆದರೆ ಇಲ್ಲಿ ಬೇಕಾದದ್ದು ಒಂದು ಗೇರಿಗೂ ಇನ್ನೊಂದಕ್ಕೂ ಇರುವ ಪ್ರಮಾಣವಾದ್ದರಿಂದ ಅದರಿಂದ ತೊಂದರೆಯಿಲ್ಲ. ಬೇರೆ ಕಾರಿನಲ್ಲಿ ಅಂಕಿಗಳು ಬೇರೆಯಾಗುತ್ತವೆ. ಪ್ರತಿಯೊಬ್ಬರೂ ತಮ್ಮ ಕಾರಿನಲ್ಲೇ ಅಳೆಯಬೇಕು.

ಈಗ ಲೆಕ್ಕ ಸುಲಭ. 1ನೇ ಗೇರಿನಲ್ಲಿ 2,500ಕ್ಕೆ ಏರಿಸಿ 2ಕ್ಕೆ ಹೋದರೆ, ಅದೇ ವೇಗದಲ್ಲಿ ಎಂಜಿನ್ ತಿರುಗಬೇಕಾದದ್ದು 2,500ನ್ನು 15ರಿಂದ ಗುಣಿಸಿ 28ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 1,340. 2ರಿಂದ 3ಕ್ಕೆ ಅದೇ 2,500ರಲ್ಲಿ ಹೋದರೆ 1,750, 3ರಿಂದ 4ಕ್ಕೆ 1,850, 4ರಿಂದ 5ಕ್ಕೆ 1,985. ಹೀಗೆ ಬರೆದು ನೋಡಿದಾಗ ಜರ್ಕ್ ಯಾವಾಗಲೂ 1ರಿಂದ 2ಕ್ಕೆ ಹೋಗುವಾಗಲೇ ಜೋರಾಗಿ ಬರುತ್ತಿದ್ದುದೇಕೆ ಎಂಬುದು ಕಣ್ಣೆದುರಿಗೆ ಬಂತು. ಅಲ್ಲಿ ಮುಳ್ಳು 1,160ರಷ್ಟು ಇಳಿಯಬೇಕು. 4ರಿಂದ 5ಕ್ಕೆ 515 ಇಳಿದರೆ ಸಾಕು. ಎಲ್ಲ ಗೇರುಗಳನ್ನೂ ಒಂದೇ ಲಯದಲ್ಲಿ ಬದಲಿಸಬೇಕೆಂದು ಕಲಿತಿದ್ದ ಕಾಲಿಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ.

ಮುಂದಿನ ಪ್ರಶ್ನೆ, ಆ 1,160 ಇಳಿಯಲು ಎಷ್ಟು ಹೊತ್ತು ಬೇಕು ಎಂಬುದು. ಕಾರನ್ನು ನ್ಯೂಟ್ರಲಿನಲ್ಲಿ ನಿಲ್ಲಿಸಿ, ಕ್ಲಚ್ ಒತ್ತಿ, ಆಕ್ಸಿಲರೇಟರಿನಿಂದ ಮುಳ್ಳನ್ನು 2,500ರಲ್ಲಿ ನಿಲ್ಲಿಸಿ ಒಮ್ಮೆಲೇ ಕಾಲು ತೆಗೆದೆ. ಪಕ್ಕದವರು ಮೀಟರಿನ ವೀಡಿಯೊ ತೆಗೆದರು. ಫೋನು ಸೆಕೆಂಡಿಗೆ 30 ಚಿತ್ರ ತೆಗೆಯುವುದರಿಂದ, 2,500ರಿಂದ 1,340ರವರೆಗಿನ ಚಿತ್ರಗಳನ್ನು ಒಂದೊಂದಾಗಿ ಎಣಿಸಿದರೆ ಸಮಯ ಸಿಗುತ್ತದೆ. ಬಂದದ್ದು ಸುಮಾರು 1.2 ಸೆಕೆಂಡು. ನಾನು ಗೇರ್ ಬದಲಿಸುವುದನ್ನೂ ಹೀಗೆಯೇ ವೀಡಿಯೊದಲ್ಲಿ ಅಳೆದಾಗ, ಕ್ಲಚ್ ಒತ್ತಿದ್ದರಿಂದ ಹಿಡಿದು ಬಿಡುವವರೆಗೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಸಮಯವಾಗುತ್ತಿತ್ತು ಅಷ್ಟೆ. ಮುಳ್ಳು ಇನ್ನೂ 2,000ರ ಆಸುಪಾಸಿನಲ್ಲಿ ಇರುವಾಗಲೇ, 1,340ರಲ್ಲಿ ತಿರುಗುತ್ತಿದ್ದ ಕ್ಲಚ್ ಪ್ಲೇಟಿಗೆ ಎಂಜಿನ್ನನ್ನು ಜೋಡಿಸಿದಂತಾಗಿ ಕಾರು ಮುಂದಕ್ಕೆ ಜಿಗಿಯುತ್ತಿತ್ತು.

ಪರಿಹಾರಕ್ಕೆ ಮೂರು ದಾರಿ ಹಿಡಿದು ನೋಡಿದೆ. ಜರ್ಕಿನ ಅಳತೆಗೆ, ನೀರಿನ ಬಾಟಲಿಯನ್ನು ಕಾರಿನ ಉದ್ದಕ್ಕೆ ಮಲಗಿಸಿ, ಪಕ್ಕದ ಸೀಟಿನ ಮುಂದಿನ ನೆಲಕ್ಕೆ ಅಂಟುಪಟ್ಟಿಯಿಂದ ಬಿಗಿದು, ಅದರ ತುದಿಯಲ್ಲಿ ಸೆಂಟಿಮೀಟರಿನ ಗೆರೆ ಎಳೆದಿದ್ದೆ. ನೀರು ಎಷ್ಟು ಗೆರೆ ಏರಿತು ಎಂಬುದನ್ನು ಪಕ್ಕದವರು ಬರೆಯುತ್ತಿದ್ದರು. ಹಳೆಯ ಅಭ್ಯಾಸದಲ್ಲಿ ನೀರು ಮೂರು ಗೆರೆ ದಾಟುತ್ತಿತ್ತು.

ಮೊದಲ ದಾರಿ, ಗೇರ್ ಲಿವರನ್ನು ಬೇಗ ಬದಲಿಸಿ ಕ್ಲಚ್ಚನ್ನು ಬಹಳ ನಿಧಾನವಾಗಿ ಬಿಡುವುದು. ನೀರು ಒಂದು ಗೆರೆಗೆ ಇಳಿಯಿತು. ಆದರೆ ಎಂಜಿನ್ನನ್ನು 1,340ಕ್ಕೆ ಎಳೆದು ತರುವ ಕೆಲಸವನ್ನೆಲ್ಲ ಕ್ಲಚ್ ಪ್ಲೇಟ್ ಉಜ್ಜಿಕೊಂಡು ಮಾಡುತ್ತಿತ್ತು. ದಿನವೂ ಹೀಗೆ ಓಡಿಸಿದರೆ ಪ್ಲೇಟ್ ಬೇಗ ಸವೆಯುವುದು ಖಂಡಿತ. ಪ್ಲೇಟ್ ಬದಲಿಸಲು ಗೇರ್‌ಬಾಕ್ಸನ್ನೇ ಕೆಳಗಿಳಿಸಬೇಕಾದ್ದರಿಂದ ಆ ಕೆಲಸದಲ್ಲಿ ಸಾಮಾನಿನ ಬೆಲೆಯಷ್ಟೇ ಕೂಲಿಯೂ ತೂಗುತ್ತದೆ. ಈ ದಾರಿಯನ್ನು ಕೈಬಿಟ್ಟೆ.

ಎರಡನೆಯ ದಾರಿ, 1ನೇ ಗೇರನ್ನು 1,600ರಲ್ಲೇ ಬಿಟ್ಟು 2ಕ್ಕೆ ಹೋಗುವುದು. ಇಳಿಯಬೇಕಾದ ಅಂತರ 740ಕ್ಕೆ ಕುಗ್ಗುತ್ತದೆ, ಜರ್ಕೂ ಕುಗ್ಗುತ್ತದೆ. ಆದರೆ 2ನೇ ಗೇರಿನಲ್ಲಿ ಎಂಜಿನ್ ಸುಮಾರು 860ರಲ್ಲಿ ತಿರುಗಬೇಕಾಗಿ ಬಂದು, ಶಕ್ತಿ ಸಾಲದೆ ನಡುಗುತ್ತದೆ. ಹಾಗೆ ನಡುಗುವ ಎಂಜಿನ್ನಿಗೆ ಆಕ್ಸಿಲರೇಟರ್ ಒತ್ತುವುದು ಇನ್ನೂ ಕೆಟ್ಟದ್ದು. ಇದೂ ಆಗಲಿಲ್ಲ.

ಮೂರನೆಯ ದಾರಿ, 2,200ರಿಂದ 2,500ರ ನಡುವೆ ಬದಲಿಸಿ, ಮುಳ್ಳು ಇಳಿಯುವವರೆಗೆ ಕಾಯುವುದು. ಕಾಯುವ ಜಾಗ ಲಿವರಿನಲ್ಲಿ, ಕ್ಲಚ್ಚಿನಲ್ಲಿ ಅಲ್ಲ: ಕ್ಲಚ್ ಒತ್ತಿ, ಲಿವರನ್ನು 1ರಿಂದ ನ್ಯೂಟ್ರಲಿಗೆ ತಂದು, ಅರೆಗಳಿಗೆ ತಡೆದು, 2ಕ್ಕೆ ಎಳೆದು, ಆಮೇಲೆ ಕ್ಲಚ್ಚನ್ನು ಹಿಡಿಯುವ ಜಾಗದವರೆಗೆ ಬೇಗ ತಂದು ಅಲ್ಲಿ ತುಸು ತಡೆದು ಬಿಡಬೇಕು. ಎಂಜಿನ್ನಿನ ಸದ್ದು ಇಳಿಯುತ್ತ ಬರುವುದನ್ನು ಕಿವಿ ಕೇಳುತ್ತಿರಬೇಕು. ಸರಿಯಾದ ಗಳಿಗೆಯಲ್ಲಿ ಬಿಟ್ಟಾಗ ಮುಳ್ಳು ಇಳಿಯುತ್ತಿದ್ದದ್ದು ಅಲ್ಲಿಯೇ ನಿಂತುಬಿಡುತ್ತದೆ, ಕೆಳಗೆ ಕುಸಿಯುವುದೂ ಇಲ್ಲ, ಮೇಲೆ ಜಿಗಿಯುವುದೂ ಇಲ್ಲ. ಬಾಟಲಿಯ ನೀರು ಅಲುಗಿತು, ಗೆರೆ ಮುಟ್ಟಲಿಲ್ಲ. ಆ ಕ್ಷಣದ ಸಂತೋಷ ದೊಡ್ಡದು. ಪಕ್ಕದವರು ಗೇರ್ ಬಿತ್ತೇ ಇಲ್ಲವೇ ಎಂದು ಕೇಳಿದರು.

ಇದರಲ್ಲೂ ಒಂದು ಸೂಕ್ಷ್ಮವಿದೆ. ಆಕ್ಸಿಲರೇಟರನ್ನು ಪೂರ್ತಿ ಬಿಟ್ಟು ಆಮೇಲೆ ಕ್ಲಚ್ ಒತ್ತಿದರೆ, ಆ ನಡುವಿನ ಹೊತ್ತಿನಲ್ಲಿ 1ನೇ ಗೇರಿನ ಎಂಜಿನ್ ಕಾರನ್ನು ತಡೆದು ಮೂಗು ತಗ್ಗುತ್ತದೆ. ಕ್ಲಚ್ ಒತ್ತಿ ಆಮೇಲೆ ಆಕ್ಸಿಲರೇಟರ್ ಬಿಟ್ಟರೆ ಹೊರೆ ತಪ್ಪಿದ ಎಂಜಿನ್ ಕೂಗಿಕೊಂಡು ಏರುತ್ತದೆ. ಎರಡೂ ಕಾಲು ಒಟ್ಟಿಗೆ ಚಲಿಸಬೇಕು, ಬಲಗಾಲು ಕೂದಲೆಳೆಯಷ್ಟು ಮೊದಲು. ವಿದ್ಯುನ್ಮಾನ ಆಕ್ಸಿಲರೇಟರ್ ಇರುವ ಹೊಸ ಕಾರುಗಳಲ್ಲಿ, ಹೊಗೆಯ ಮಾಲಿನ್ಯ ತಗ್ಗಿಸಲೆಂದು ಕಾಲು ತೆಗೆದ ಮೇಲೂ ಮುಳ್ಳು ಸ್ವಲ್ಪ ಹೊತ್ತು ಮೇಲೆಯೇ ನಿಲ್ಲುವಂತೆ ಮಾಡಿರುವುದುಂಟು. ಅಂಥ ಕಾರಿನಲ್ಲಿ ಬಲಗಾಲನ್ನು ಇನ್ನೂ ತುಸು ಮೊದಲೇ ತೆಗೆಯಬೇಕಾಗುತ್ತದೆ.

ಹಂತ 5: ಲಿವರಿನ ಮೇಲಿನ ಕೈ

ಕಾಲಿನ ಲಯ ಸರಿಹೋದ ಮೇಲೆ ಕೈಯ ಬಿಗಿತ ಎದ್ದು ಕಾಣತೊಡಗಿತು. ಲಿವರನ್ನು ಮುಷ್ಟಿಯಲ್ಲಿ ಹಿಡಿದು ತಳ್ಳುತ್ತಿದ್ದುದರಿಂದ 2ರಿಂದ 3ಕ್ಕೆ ಹೋಗಬೇಕಾದದ್ದು ಕೆಲವೊಮ್ಮೆ 1ರ ಬಾಗಿಲಿಗೆ ಹೋಗಿ ತಗುಲುತ್ತಿತ್ತು. ನ್ಯೂಟ್ರಲಿನಲ್ಲಿ ಲಿವರನ್ನು ಬಿಟ್ಟರೆ, ಒಳಗಿನ ಸ್ಪ್ರಿಂಗ್ ಅದನ್ನು 3 ಮತ್ತು 4ರ ಸಾಲಿನ ನಡುವೆ ತಂದು ನಿಲ್ಲಿಸುತ್ತದೆ. ಆದ್ದರಿಂದ 2ರಿಂದ 3ಕ್ಕೆ ಹೋಗುವಾಗ ಪಕ್ಕಕ್ಕೆ ತಳ್ಳುವ ಕೆಲಸವೇ ನಮ್ಮದಲ್ಲ. ಮುಂದಕ್ಕೆ ತಂದು, ಬೆರಳು ಸಡಿಲಿಸಿ, ಸ್ಪ್ರಿಂಗ್ ತಂದು ನಿಲ್ಲಿಸಿದ ಜಾಗದಿಂದ ಅಂಗೈಯಲ್ಲಿ ಮುಂದಕ್ಕೆ ಒತ್ತಿದರೆ ಸಾಕು. 1 ಮತ್ತು 2ರ ನಡುವೆ ಮಾತ್ರ ಎಡಕ್ಕೆ ಹಗುರವಾಗಿ ಒತ್ತಿ ಹಿಡಿಯಬೇಕು, 5ಕ್ಕೆ ಬಲಕ್ಕೆ.

ಗೇರ್ ಬೀಳುವ ಮುನ್ನ ಲಿವರಿನಲ್ಲಿ ಒಂದು ಮೆತ್ತನೆಯ ತಡೆ ಸಿಗುತ್ತದೆ. ಅಲ್ಲಿ ಸಿಂಕ್ರೊನೈಜರಿನ ಉಂಗುರ ಗೇರಿನ ಕೋನಾಕಾರದ ಮೈಗೆ ಉಜ್ಜಿ ಎರಡರ ವೇಗವನ್ನು ಒಂದಾಗಿಸುತ್ತಿರುತ್ತದೆ. ಆ ತಡೆಯ ಮೇಲೆ ಒಂದೇ ಸಮನಾದ ಹಗುರ ಒತ್ತಡವಿಟ್ಟು ಕಾದರೆ ಲಿವರ್ ತಾನೇ ಒಳಗೆ ಜಾರುತ್ತದೆ; ಬಲವಂತ ಮಾಡಿದರೆ ಆ ಉಂಗುರ ಸವೆಯುತ್ತದೆ. 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಈ ಏರ್ಪಾಡು ಬರುವವರೆಗೆ ಚಾಲಕರು ಪ್ರತಿ ಗೇರಿಗೂ ಕ್ಲಚ್ಚನ್ನು ಎರಡು ಸಲ ಒತ್ತಿ, ವೇಗಗಳನ್ನು ತಾವೇ ಹೊಂದಿಸಬೇಕಾಗಿತ್ತು. ಹಲವು ಕಾರುಗಳಲ್ಲಿ ರಿವರ್ಸಿಗೆ ಇಂದಿಗೂ ಸಿಂಕ್ರೊನೈಜರ್ ಇಲ್ಲ, ಹೀಗಾಗಿ ಕಾರು ಪೂರ್ತಿ ನಿಂತ ಮೇಲಷ್ಟೇ ಅದನ್ನು ಹಾಕಬೇಕು. ಗೇರ್ ಬದಲಿಸಿದ ಮೇಲೆ ಕೈಯನ್ನು ಲಿವರಿನ ಮೇಲೆ ಇಟ್ಟುಕೊಂಡೇ ಓಡಿಸುವ ರೂಢಿಯನ್ನೂ ಬಿಟ್ಟೆ. ಆ ಕೈಭಾರ ಒಳಗೆ ಗೇರ್ ಬದಲಿಸುವ ಫೋರ್ಕಿಗೆ ತಲುಪಿ ಅದನ್ನು ಸವೆಸಬಹುದು.

ಹಂತ 6: ಕೆಳಗಿನ ಗೇರಿಗೆ ಇಳಿಸುವುದು

ಏರಿಸುವಾಗ ಎಂಜಿನ್ ಇಳಿಯಲು ಕಾಯಬೇಕು. ಇಳಿಸುವಾಗ ಎಂಜಿನ್ನನ್ನು ನಾವೇ ಏರಿಸಬೇಕು, ಕಾದಷ್ಟೂ ಅಂತರ ಹೆಚ್ಚುತ್ತದೆ. ಮೇಲಿನ ಅಂಕಿಗಳ ಪ್ರಕಾರ 40 ಕಿ.ಮೀ. ವೇಗದಲ್ಲಿ 3ನೇ ಗೇರಿನ ಎಂಜಿನ್ 2,000ರಲ್ಲಿ ತಿರುಗಿದರೆ, 2ರಲ್ಲಿ ಅದು 2,850ಕ್ಕೆ ಏರಬೇಕು. ಕ್ಲಚ್ ಒತ್ತಿದ ಅರೆಗಳಿಗೆಯಲ್ಲಿ ಅದು ಇನ್ನಷ್ಟು ಇಳಿದಿರುವುದರಿಂದ ತುಂಬಬೇಕಾದ ಅಂತರ ಸಾವಿರವನ್ನೂ ದಾಟುತ್ತದೆ.

ಆಕ್ಸಿಲರೇಟರನ್ನು ಒಮ್ಮೆ ಚುಟುಕಾಗಿ ಒತ್ತಿ ಬಿಡುವುದನ್ನು ಇಲ್ಲಿ ಅಭ್ಯಾಸ ಮಾಡಿದೆ. ಮೊದಮೊದಲು ಒತ್ತು ಹೆಚ್ಚಾಗಿ, ಮುಳ್ಳು 3,500 ದಾಟಿ, ಕ್ಲಚ್ ಬಿಟ್ಟೊಡನೆ ಕಾರು ಮುಂದಕ್ಕೆ ನುಗ್ಗಿತು. ಮುಂದೆ ವಾಹನವಿರುವಾಗ ಇದು ಅಪಾಯ. ನಿಂತ ಕಾರಿನಲ್ಲಿ, ನ್ಯೂಟ್ರಲಿನಲ್ಲಿ, ಎಷ್ಟು ಒತ್ತಿದರೆ ಮುಳ್ಳು ಎಷ್ಟು ಏರುತ್ತದೆ ಎಂಬುದನ್ನು ಕಾಲಿಗೆ ಕಲಿಸಿದ ಮೇಲೆ ಈ ತೊಂದರೆ ತಗ್ಗಿತು. ಆದರೆ ನಿಜವಾದ ಪರಿಹಾರ ಲೆಕ್ಕದಲ್ಲೇ ಇತ್ತು. 30 ಕಿ.ಮೀ.ಯಲ್ಲಿ ಇಳಿಸಿದರೆ 1,500ರಿಂದ 2,140ಕ್ಕೆ, ಅಂದರೆ 640ರ ಅಂತರ, 20 ಕಿ.ಮೀ.ಯಲ್ಲಿ ಇಳಿಸಿದರೆ 1,000ದಿಂದ 1,430ಕ್ಕೆ, 430ರ ಅಂತರ ಮಾತ್ರ. ವೇಗ ತಗ್ಗಿದಷ್ಟೂ ಅಂತರ ತಗ್ಗುತ್ತದೆ. ಆದ್ದರಿಂದ ವೇಗ ತಗ್ಗಿಸುವ ಕೆಲಸವನ್ನು ಬ್ರೇಕಿಗೆ ಬಿಟ್ಟು, 20ರಿಂದ 25 ಕಿ.ಮೀ.ಗೆ ಬಂದ ಮೇಲೆ, ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರನ್ನು ತುಸುವೇ ಮುಟ್ಟಿ 2ಕ್ಕೆ ಇಳಿಸುವುದನ್ನು ರೂಢಿಸಿಕೊಂಡೆ. ನಡುವಿನ ಗೇರನ್ನು ಬಿಟ್ಟು 4ರಿಂದ ನೇರವಾಗಿ 2ಕ್ಕೆ ಇಳಿಸುವುದರಲ್ಲೂ ತಪ್ಪಿಲ್ಲ, ವೇಗ ಮೊದಲೇ ತಗ್ಗಿದ್ದರೆ ಸಾಕು.

ವೇಗ ತಗ್ಗಿಸದೆ ಇಳಿಸುವುದರ ಅಪಾಯವನ್ನೂ ಇದೇ ಅಂಕಿಗಳು ಹೇಳುತ್ತವೆ. ಗಂಟೆಗೆ 100 ಕಿ.ಮೀ. ಹೋಗುವಾಗ 5ರಿಂದ 4ಕ್ಕೆ ಎಂದುಕೊಂಡು ಕೈತಪ್ಪಿ 2ಕ್ಕೆ ಹಾಕಿ ಕ್ಲಚ್ ಬಿಟ್ಟರೆ, ಚಕ್ರಗಳು ಎಂಜಿನ್ನನ್ನು 7,100ರ ಮೇಲೆ ತಿರುಗಿಸುತ್ತವೆ. ಈ ಕಾರಿನ ಮೀಟರಿನಲ್ಲಿ ಕೆಂಪು ಗೆರೆ 6,000ಕ್ಕೇ ಶುರುವಾಗುತ್ತದೆ. ಚಕ್ರಗಳೇ ಎಂಜಿನ್ನನ್ನು ಹೀಗೆ ತಿರುಗಿಸುವಾಗ, ಎಂಜಿನ್ನಿನ ವೇಗ ಮಿತಿಮೀರಿದರೆ ಇಂಧನ ತಡೆಯುವ ರಕ್ಷಣೆಯಿಂದ ಉಪಯೋಗವಿಲ್ಲ. ವಾಲ್ವುಗಳು ಪಿಸ್ಟನ್ನಿಗೆ ತಗುಲಿ ಎಂಜಿನ್ನೇ ಹಾಳಾಗಬಹುದು. 5ರಿಂದ 4ಕ್ಕೆ ಲಿವರನ್ನು ಎಳೆಯುವಾಗ ಎಡಕ್ಕೆ ಒತ್ತಡ ಕೊಡದೆ ಸ್ಪ್ರಿಂಗಿಗೇ ಬಿಡಬೇಕೆಂಬುದು ಇದರಿಂದಲೇ.

ಹಂತ 7: ಏರು

ಏರಿನಲ್ಲಿ ಹೊರಡುವಾಗ ಹ್ಯಾಂಡ್‌ಬ್ರೇಕ್ ಎಳೆದಿಟ್ಟು, ಮುಳ್ಳನ್ನು 1,800ರ ಬಳಿ ನಿಲ್ಲಿಸಿ, ಕ್ಲಚ್ ಹಿಡಿಯುವ ಜಾಗಕ್ಕೆ ತಂದಾಗ ಕಾರಿನ ಮುಂಭಾಗ ತುಸು ಮೇಲೇಳುತ್ತದೆ. ಆಗ ಹ್ಯಾಂಡ್‌ಬ್ರೇಕ್ ಬಿಡಬೇಕು. ಬ್ರೇಕಿನ ಬದಲು ಹಾಫ್ ಕ್ಲಚ್ಚಿನಲ್ಲೇ ಕಾರನ್ನು ಏರಿನಲ್ಲಿ ನಿಲ್ಲಿಸಿಕೊಂಡಿರುವುದು ಬಹಳ ಜನರ ಅಭ್ಯಾಸ. ಕ್ಲಚ್ ಪ್ಲೇಟಿಗೆ ಅದರಷ್ಟು ಹಾನಿ ಬೇರೆಯದರಿಂದಿಲ್ಲ.

ಏರಿನಲ್ಲಿ 1ರಿಂದ 2ಕ್ಕೆ ಹೋಗುವ ಲೆಕ್ಕ ಬೇರೆ. 10 ಮೀಟರು ಮುಂದೆ ಹೋದರೆ 1 ಮೀಟರು ಏರುವ ರಸ್ತೆಯಲ್ಲಿ, ಕ್ಲಚ್ ಒತ್ತಿದ ಕಾರು ಪ್ರತಿ ಸೆಕೆಂಡಿನಲ್ಲೂ ಗಂಟೆಗೆ ಸುಮಾರು 3.5 ಕಿ.ಮೀ.ಯಷ್ಟು ವೇಗ ಕಳೆದುಕೊಳ್ಳುತ್ತದೆ. 3,000ದಲ್ಲಿ, ಅಂದರೆ 22 ಕಿ.ಮೀ. ವೇಗದಲ್ಲಿ ಬದಲಿಸಲು ಹೊರಟು ಒಂದು ಸೆಕೆಂಡು ಕಾದರೆ ಕಾರು 19ರ ಬಳಿಗೆ ಬಂದಿರುತ್ತದೆ, ಆಗ 2ನೇ ಗೇರಿನಲ್ಲಿ ಎಂಜಿನ್ ಇರಬೇಕಾದದ್ದು 1,600 ಅಲ್ಲ, 1,350. ಸಮತಟ್ಟಿನಲ್ಲಿ ಮಾಡಿದಷ್ಟು ಕಾದರೆ ಎಂಜಿನ್ ಇಳಿಯುವಷ್ಟರಲ್ಲಿ ಕಾರಿನ ವೇಗವೂ ಇಳಿದುಬಿಟ್ಟಿರುತ್ತದೆ. ಹಾಗಾಗಿ ಏರಿನಲ್ಲಿ ಮುಳ್ಳನ್ನು 3,000ದವರೆಗೆ ಏರಿಸಿ, ನ್ಯೂಟ್ರಲಿನ ತಡೆಯನ್ನು ಕೈಬಿಟ್ಟು, ಉಳಿದ ಅಂತರವನ್ನು ಕ್ಲಚ್ಚಿಗೆ ಬಿಡುವುದೇ ಸರಿಯೆನಿಸಿತು. ಇಲ್ಲಿ ಬಾಟಲಿಯ ಲೆಕ್ಕ ಸಿಗಲಿಲ್ಲ, ರಸ್ತೆಯ ಓರೆಗೆ ನೀರು ಮೊದಲೇ ಒಂದು ಬದಿಗೆ ಸೇರಿರುತ್ತದೆ.

ಹಂತ 8: ಉಳಿದ ಕೆಲಸ

ದಟ್ಟ ವಾಹನಗಳ ನಡುವೆ ತೆವಳುವಾಗ, ಕಾರು ಇನ್ನೂ ಉರುಳುತ್ತಿರುವಾಗಲೇ 2ರಿಂದ 1ಕ್ಕೆ ಇಳಿಸುವುದು ಇನ್ನೂ ಹಿಡಿತಕ್ಕೆ ಬಂದಿಲ್ಲ. 12 ಕಿ.ಮೀ. ವೇಗದಲ್ಲಿ 1ನೇ ಗೇರಿಗೆ 1,600 ಬೇಕು, 2ರಲ್ಲಿ ಇರುವುದು 860. ಲಿವರಿನ ತಡೆಯೂ ಅಲ್ಲಿಯೇ ಅತಿ ಹೆಚ್ಚು. ಕ್ಲಚ್ ಒತ್ತಿ ನ್ಯೂಟ್ರಲಿಗೆ ತಂದು, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಮುಟ್ಟಿ, ಮತ್ತೆ ಕ್ಲಚ್ ಒತ್ತಿ 1ಕ್ಕೆ ಹಾಕುವ ಹಳೆಯ ಕ್ರಮದಲ್ಲಿ ಲಿವರ್ ಸಲೀಸಾಗಿ ಬೀಳುತ್ತದೆ, ಆದರೆ ಅಷ್ಟು ಕೆಲಸಕ್ಕೆ ಅಲ್ಲಿ ಸಮಯವಿರುವುದಿಲ್ಲ. ಸದ್ಯಕ್ಕೆ 8 ಕಿ.ಮೀ.ಗಿಂತ ಕೆಳಗೆ ಬರುವವರೆಗೆ 1ಕ್ಕೆ ಹಾಕುತ್ತಿಲ್ಲ.

ಎಂಜಿನ್ ತಣ್ಣಗಿರುವಾಗ 2ನೇ ಗೇರ್ ಬಿಗಿಯಾಗಿ ಬೀಳುವುದು ಇನ್ನೊಂದು ಉಳಿದ ತೊಂದರೆ. ಸ್ವಲ್ಪ ದೂರ ಓಡಿದ ಮೇಲೆ ಅದು ಸಡಿಲವಾಗುವುದರಿಂದ ಗೇರ್ ಆಯಿಲ್ ಹಳೆಯದಾಗಿರಬಹುದೆಂದು ಅದನ್ನು ಬದಲಿಸಲು ಹೊರಟಿದ್ದೇನೆ. ಕೈಪಿಡಿ ಹೇಳಿರುವುದು 75ಡಬ್ಲ್ಯು-80 ದಪ್ಪದ, ಜಿಎಲ್-4 ದರ್ಜೆಯ ಎಣ್ಣೆ. ಇದರ ಬದಲು ಜಿಎಲ್-5 ಎಣ್ಣೆಯನ್ನು ಹಾಕಬಾರದು, ಅದರಲ್ಲಿ ಹೆಚ್ಚಿರುವ ಗಂಧಕದ ಅಂಶಗಳು ಸಿಂಕ್ರೊನೈಜರಿನ ಹಿತ್ತಾಳೆಯ ಉಂಗುರಗಳನ್ನು ತಿನ್ನಬಲ್ಲವು. ಎಣ್ಣೆ ಇಳಿಸುವ ಕೆಳಗಿನ ಬೋಲ್ಟ್ ಬಿಚ್ಚುವ ಮೊದಲು ತುಂಬುವ ಮೇಲಿನ ಬೋಲ್ಟ್ ಬಿಚ್ಚುತ್ತದೆಯೇ ಎಂದು ನೋಡಲೇಬೇಕು. ಎಣ್ಣೆ ಇಳಿಸಿದ ಮೇಲೆ ಅದು ಬಿಚ್ಚದಿದ್ದರೆ ಕಾರು ನಿಂತಲ್ಲೇ ನಿಲ್ಲುತ್ತದೆ. ನನ್ನ ಕಾರಿನಲ್ಲಿ ಆ ಬೋಲ್ಟ್ ತುಕ್ಕು ಹಿಡಿದು ಇನ್ನೂ ಅಲುಗಿಲ್ಲ. ಸುತ್ತ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಸವರಿ ಬಿಟ್ಟಿದ್ದೇನೆ. ಅದು ಬಿಚ್ಚಿ, ಎಣ್ಣೆ ಬದಲಾದ ಮೇಲೆ ತಣ್ಣಗಿನ ಎಂಜಿನ್ನಿನಲ್ಲಿ 1ರಿಂದ 2ಕ್ಕೆ ಹಿಡಿಯುವ ಸಮಯವನ್ನು ವೀಡಿಯೊದಲ್ಲಿ ಮತ್ತೊಮ್ಮೆ ಅಳೆಯಬೇಕಿದೆ.